ಕಂಡಿಕೆಯಕ್ಕನ ಎರಡು ತೂತಿನ ಕಂಪ್ಯೂಟರು

ಕಂಡಿಕೆಯಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬ್ಯಾಡ್ಜ್ ಹೊಲಿಯುವ ಕಾರ್ಖಾನೆಯವರು ಇಟ್ಟದ್ದು. ಹದಿನೆಂಟನೆಯ ವಯಸ್ಸಿನಲ್ಲಿ ಆಕೆ ಅಲ್ಲಿ ದಾರ ಸುತ್ತುವ ಕೆಲಸಕ್ಕೆ ಸೇರಿದಳು. ದೊಡ್ಡ ಉಂಡೆಯಿಂದ ಬೆರಳುದ್ದದ ಕಂಡಿಕೆಗೆ ದಾರ ಸುತ್ತಿ ಇಡುವುದು, ಅಷ್ಟೇ ಕೆಲಸ. ಬೇರೆಯವರು ಸುತ್ತಿದ್ದು ಹೊಲಿಯುವ ಹೊತ್ತಿಗೆ ಸಡಿಲವಾಗಿ ಗೋಜಲಾಗುತ್ತಿತ್ತು. ಈಕೆ ಸುತ್ತಿದ್ದನ್ನು ಉಗುರು ಹಾಕಿ ಕೆದಕಿದರೂ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಆಗಿನ ದೊಡ್ಡ ಯಜಮಾನರು, ಅಂದರೆ ಈಗಿನವರ ತಂದೆ, ಒಂದು ದಿನ ಆ ಕಂಡಿಕೆಯನ್ನು ಎಲ್ಲರೆದುರು ಎತ್ತಿ ಹಿಡಿದು, “ಕಂಡಿಕೆ ಅಂದ್ರೆ ಇದು” ಎಂದರು. ಹೆಸರು ಅಲ್ಲಿಂದ ಅಂಟಿಕೊಂಡಿತು. ಈಗ ಆಕೆಗೆ ಐವತ್ತಾರು. ಹೊಗಳಿದವರು ಹೋಗಿ ಎಷ್ಟೋ ಕಾಲವಾಯಿತು, ಬಿಗಿ ಮಾತ್ರ ಉಳಿಯಿತು.

ಬಿಗಿ ಎಂದರೆ ಎಲ್ಲದರಲ್ಲೂ ಬಿಗಿ. ಜಡೆ ಎಷ್ಟು ಬಿಗಿಯೆಂದರೆ ಎರಡು ಹುಬ್ಬೂ ತುಸು ಮೇಲೆ ಸರಿದು, ಸುಮ್ಮನೆ ಕೂತಾಗಲೂ ಆಕೆ ಯಾವುದೋ ಸುದ್ದಿ ಕೇಳಿ ಬೆರಗಾದವಳಂತೆ ಕಾಣುತ್ತಿದ್ದಳು. ಆಕೆ ಮುಚ್ಚಿದ ನಲ್ಲಿಯನ್ನು ಮನೆಯಲ್ಲಿ ಇನ್ನೊಬ್ಬರು ಬಿಡಿಸಲಾರರು. ಗಂಡ ಬಸ್ ಡಿಪೋದಲ್ಲಿ ಟೈರುಗಳನ್ನು ನೋಡಿಕೊಳ್ಳುವವನು. ಅವನ ಊಟದ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಮೂರು ಗಂಟು ಬಿಗಿದು ಕಳಿಸುವಳು. ಅವನು ಅದನ್ನು ದಿನಾ ಮಧ್ಯಾಹ್ನ ಹಲ್ಲಿನಿಂದ ಕಚ್ಚಿ ಬಿಚ್ಚಬೇಕು. “ನನ್ನ ಹಲ್ಲು ಇರೋವರೆಗೆ ನನಗೆ ಊಟ ಇದೆ” ಎಂದು ಡಿಪೋದವರಿಗೆ ಹೇಳಿ ನಗಿಸುತ್ತಿದ್ದ. ಬಸ್ಸಿನ ಟೈರು ಬಿಚ್ಚುವಾಗ ಅವನು ಅಷ್ಟು ಬೆವರುತ್ತಿರಲಿಲ್ಲ.

ಮನೆಯಲ್ಲಿ ಮೂರನೆಯವಳು ನಾದಿನಿ, ಗಂಡನ ತಂಗಿ. ಮದುವೆಯ ಮಾತು ಬಂದಾಗಲೆಲ್ಲ “ನಿಮ್ಮಿಬ್ರನ್ನ ನೋಡಿದ್ದೇ ಸಾಕಾಗಿದೆ” ಎನ್ನುತ್ತ ನಲವತ್ತೆಂಟು ದಾಟಿದವಳು. ಅವಳೂ ಅದೇ ಕಾರ್ಖಾನೆಯಲ್ಲಿ, ಕೆಳಗಿನ ಹಾಲಿನಲ್ಲಿ, ಹನ್ನೆರಡು ಸೂಜಿಯ ಮಷೀನು ನಡೆಸುತ್ತಾಳೆ. ಅತ್ತಿಗೆ ಮಹಡಿಯ ಮೂಲೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಚಿತ್ರವನ್ನು ಹೊಲಿಗೆಯಾಗಿ ಬಿಡಿಸುವಳು: ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು, ಯಾವ ಬಣ್ಣ ಮೊದಲು, ಯಾವುದು ಆಮೇಲೆ. ನಾದಿನಿ ಅದನ್ನು ಮಷೀನಿಗೆ ಉಣ್ಣಿಸಿ ಬಟ್ಟೆಯ ಮೇಲೆ ಹೊಲಿಸುವಳು. ಮೇಲಿನವಳು ತಪ್ಪಿದರೆ ಕೆಳಗಿನವಳು ಬಿಚ್ಚಬೇಕು, ಹಾಗಾಗಿ ಇಬ್ಬರ ಮಾತಿಗೂ ಯಾವಾಗಲೂ ಸ್ವಲ್ಪ ಉಪ್ಪು ಹೆಚ್ಚು.

ಕಂಡಿಕೆಯಕ್ಕ ಓದಿದ್ದು ನಾಲ್ಕನೇ ಕ್ಲಾಸು. ಕಂಡಿಕೆಯಿಂದ ಕಾಲಲ್ಲಿ ತುಳಿಯುವ ಮಷೀನಿಗೆ, ಅಲ್ಲಿಂದ ದೊಡ್ಡ ಮಷೀನಿಗೆ, ಅಲ್ಲಿಂದ ಚಿತ್ರದ ಕೋಣೆಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದವಳು. ತುಳಿಯುವ ಮಷೀನನ್ನು ಬಿಟ್ಟು ಇಪ್ಪತ್ತು ವರ್ಷವಾದರೂ ಆಕೆಯ ಬಲಗಾಲು ಮಾತ್ರ ಅದನ್ನು ಬಿಟ್ಟಿರಲಿಲ್ಲ. ಕೆಲಸದಲ್ಲಿ ಮುಳುಗಿದಳೆಂದರೆ ಮೇಜಿನಡಿ ಪಾದ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. “ಎಲ್ಲೀತನಕ ಹೋಗಿ ಬಂದ್ರಿ ಅತ್ತಿಗೆ?” ಎಂದು ನಾದಿನಿ ಸಂಜೆ ಕೇಳುವಳು.

ಆ ಕೋಣೆಯಲ್ಲಿ ಆಕೆಗೆ ಮೂರು ಸ್ಕ್ರೀನು ಬೇಕು. ಒಂದರಲ್ಲಿ ಗಿರಾಕಿ ಕೊಟ್ಟ ಮೂಲ ಚಿತ್ರ, ಒಂದರಲ್ಲಿ ತಾನು ಹಾಕುತ್ತಿರುವ ಹೊಲಿಗೆ, ಒಂದರಲ್ಲಿ ದಾರದ ಬಣ್ಣಗಳ ಸಾಲು. ಇದು ದೌಲತ್ತಿನ ಮಾತಲ್ಲ. ಹಿಂದೊಮ್ಮೆ ಒಂದು ಸ್ಕ್ರೀನು ಕೆಟ್ಟಾಗ ಚಿತ್ರವನ್ನು ಮುಚ್ಚಿ ನೆನಪಿನಿಂದಲೇ ಹೊಲಿಗೆ ಹಾಕಿದ್ದಳು. ಹಡಗಿನ ಚಿತ್ರದಲ್ಲಿ ಒಂದು ಹಗ್ಗ ಬಿಟ್ಟುಹೋಯಿತು. ಗೊತ್ತಾಗುವ ಹೊತ್ತಿಗೆ ಇನ್ನೂರು ಬ್ಯಾಡ್ಜು ಹೊಲಿದಾಗಿತ್ತು. ಮೂರು ದಿನ ಕೂತು ತಾನೇ ಒಂದೊಂದು ಎಳೆ ಬಿಚ್ಚಿದಳು. ಅಂದಿನಿಂದ ಕಣ್ಣೆದುರು ಚಿತ್ರವಿಲ್ಲದೆ ಒಂದು ಹೊಲಿಗೆಯನ್ನೂ ಹಾಕಿದವಳಲ್ಲ.

ಅವಳ ಹಳೆಯ ಕಂಪ್ಯೂಟರಿಗೆ ಬೆನ್ನ ತುಂಬ ತೂತುಗಳಿದ್ದವು. ಯಾವ ವೈರು ತಂದರೂ ಜಾಗ ಇತ್ತು. ಹನ್ನೊಂದು ವರ್ಷ ದುಡಿದು ಒಂದು ದಿನ ಅದು ಮೇಲೇಳಲೇ ಇಲ್ಲ. ಯಜಮಾನರು ಹೊಸದೊಂದು ತಂದು ಮೇಜಿನ ಮೇಲಿಟ್ಟರು. ಶಾಲೆಯ ನೋಟ್ ಪುಸ್ತಕದಷ್ಟು ತೆಳ್ಳಗಿನದು. ಕಂಡಿಕೆಯಕ್ಕ ಅದನ್ನು ಎತ್ತಿ ನಾಲ್ಕು ಕಡೆ ತಿರುಗಿಸಿ ನೋಡಿದಳು.

“ಯಜಮಾನ್ರೇ, ಇದಕ್ಕೆ ತೂತೆಲ್ಲಿ?”

“ಎಡಗಡೆ ನೋಡಿ ಅಕ್ಕ, ಎರಡಿದೆ.” ಈಗಿನ ಯಜಮಾನರು ಆಕೆಗಿಂತ ಹತ್ತು ವರ್ಷ ಚಿಕ್ಕವರು, ಆಕೆಯ ಮೇಜಿನ ಕೆಳಗೆ ಆಡಿ ಬೆಳೆದವರು.

“ಎರಡ್ರಲ್ಲಿ ಒಂದು ಕರೆಂಟಿಗೆ ಹೋಯ್ತು. ಉಳಿದಿದ್ದು ಒಂದು. ನನಗೆ ಬೇಕಾಗಿರೋದು ಇದರದ್ದು ಬಿಟ್ಟು ಇನ್ನೆರಡು ಸ್ಕ್ರೀನು, ಮೌಸು, ಬರೆಯೋ ಹಲಗೆ, ನಂಬರ್ ಪ್ಯಾಡು, ಪ್ರಿಂಟರು, ಮಷೀನಿಗೆ ಕೊಡೋ ಪೆನ್ ಡ್ರೈವು, ಆಮೇಲೆ ಬೀಗದ ಕೈ.” ಬರೆಯುವ ಹಲಗೆ ಎಂದರೆ ಅದರ ಮೇಲೆ ಪೆನ್ನಿನಿಂದ ಗೀಚಿದ್ದು ಸ್ಕ್ರೀನಿನಲ್ಲಿ ಮೂಡುವಂಥದು. ಬೀಗದ ಕೈ ಎಂದರೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಕಡ್ಡಿ. ಅದನ್ನು ಸಿಕ್ಕಿಸದಿದ್ದರೆ ಹೊಲಿಗೆಯ ಪ್ರೋಗ್ರಾಮು ತೆರೆಯುವುದೇ ಇಲ್ಲ, ನಡುವೆ ಕಿತ್ತರೆ ಮುಚ್ಚಿಕೊಂಡುಬಿಡುತ್ತದೆ. “ಎಂಟು ಜನಕ್ಕೆ ಒಂದು ಬಾಗಿಲು.”

“ಈಗೆಲ್ಲ ಹೀಗೇ ಬರೋದು ಅಕ್ಕ. ತೆಳ್ಳಗಿರಬೇಕಂತೆ.”

“ತೆಳ್ಳಗಿರಲಿ, ಬೇಡ ಅಂದೋರು ಯಾರು. ಬಾಯೇ ಇಲ್ದಿದ್ರೆ ಉಣ್ಣಿಸೋದು ಹೇಗೆ?”

ಯಜಮಾನರು ಎದುರು ಬೀದಿಯ ಕಂಪ್ಯೂಟರ್ ಅಂಗಡಿಯವರನ್ನು ಕರೆಸಿದರು. ಕನ್ನಡಕವನ್ನು ಯಾವಾಗಲೂ ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವ ಮನುಷ್ಯ. ಅವರು ಹಬ್ ಎನ್ನುವ ಒಂದು ಪಟ್ಟಿ ತಂದುಕೊಟ್ಟರು. ಒಂದು ಬಾಲ, ಐದು ಬಾಯಿ. ಬಾಲವನ್ನು ಕಂಪ್ಯೂಟರಿನ ಒಂದು ತೂತಿಗೆ ಹಾಕಿದರೆ ಐದು ಬಾಯಿಗೂ ಅನ್ನ ಸಿಗುತ್ತದೆ. ಒಂದು ಬಾಯಿಗೆ ಚಾರ್ಜರು, ಅಲ್ಲಿಂದಲೇ ಕಂಪ್ಯೂಟರಿಗೂ ಕರೆಂಟು. ಒಂದಕ್ಕೆ ಹೊಸ ಸ್ಕ್ರೀನು. ಉಳಿದ ಮೂರಕ್ಕೆ ಮೌಸು, ಬರೆಯುವ ಹಲಗೆ, ಬೀಗದ ಕೈ. ಕಂಪ್ಯೂಟರಿನ ಎರಡನೆಯ ತೂತಿಗೆ ನೇರವಾಗಿ ಹಳೆಯ ಸ್ಕ್ರೀನು. ಅದರ ಪ್ಲಗ್ಗು ನೀಲಿ ಬಣ್ಣದ್ದು, ಎರಡು ಕಡೆ ತಿರುಪು ಇರುವಂಥದು, ಹೊಸ ತೂತಿಗೆ ಹೊಂದದು. ಅದಕ್ಕೆ ನಡುವೆ ಒಂದು ಚಿಕ್ಕ ತುಂಡು ಜೋಡಿಸಿದರು. ಪ್ರಿಂಟರೂ ಪೆನ್ ಡ್ರೈವೂ ಬಂದಾಗ ಬರೆಯುವ ಹಲಗೆ ಎದ್ದು ಜಾಗ ಬಿಟ್ಟುಕೊಡಬೇಕು. ನಂಬರ್ ಪ್ಯಾಡಿಗೆ ಎಲ್ಲೂ ಜಾಗ ಸಿಗದೆ ಡ್ರಾಯರು ಸೇರಿತು.

ಕೆಳಗಿನಿಂದ ಚಹಾ ತಂದ ನಾದಿನಿ ಬಾಗಿಲಲ್ಲೇ ನಿಂತು ನೋಡಿದಳು. ತೆಳ್ಳಗಿನ ಕಂಪ್ಯೂಟರು ನಡುವೆ ಕೂತಿತ್ತು, ಸುತ್ತ ಅದರ ಹತ್ತು ಪಾಲು ಸಾಮಾನು.

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅತ್ತಿಗೆ.”

“ನಿನ್ನ ಬಾಯಿಗೊಂದು ಹಬ್ಬು ಬೇಕಿಲ್ಲ. ಚಹಾ ಇಟ್ಟು ಹೋಗು.”

ಆಮೇಲೆ ಕಂಡಿಕೆಯಕ್ಕ ತನ್ನ ಕೆಲಸಕ್ಕೆ ಇಳಿದಳು. ವೈರುಗಳ ಗುಂಪು ನೋಡಿದರೆ ಆಕೆಗೆ ಮೈಯೆಲ್ಲ ತುರಿಸಿದಂತಾಗುತ್ತಿತ್ತು. ಪ್ರತಿಯೊಂದು ವೈರಿನ ಎರಡು ತುದಿಗೂ ಒಂದೇ ಬಣ್ಣದ ದಾರ ಕಟ್ಟಿದಳು: ಬೀಗದ ಕೈಗೆ ಕೆಂಪು, ಹೊಸ ಸ್ಕ್ರೀನಿಗೆ ಹಸಿರು, ಚಾರ್ಜರಿಗೆ ಹಳದಿ, ಹೀಗೆ. ಓದು ಬಾರದವರೂ ತಪ್ಪಲಾರರು. ಇಷ್ಟು ಮಾಡಿ ಬಿಟ್ಟಿದ್ದರೆ ಆಕೆಯನ್ನು ಹೊಗಳಿ ಈ ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಬಿಡಲಿಲ್ಲ. ಚಾರ್ಜರಿನ ವೈರು ಒಂದು ಮಾರಿಗೂ ಉದ್ದ, ಗೋಡೆಯ ಪ್ಲಗ್ಗಿನಿಂದ ಮೇಜಿಗೆ ಇದ್ದದ್ದು ಎರಡು ಮೊಳ. ಮಿಕ್ಕದ್ದು ನೆಲದ ಮೇಲೆ ಬಿದ್ದುಕೊಂಡಿರುವುದೆಂದರೇನು. ಕಾರ್ಖಾನೆಯಲ್ಲಿ ದಾರ ಮುಗಿದ ಖಾಲಿ ಕೋನುಗಳಿಗೇನು ಬರವೇ. ಒಂದು ಸಣ್ಣ ಕೋನು ತಂದು, ಮಿಕ್ಕ ವೈರನ್ನೆಲ್ಲ ಅದಕ್ಕೆ ಬಿಗಿಯಾಗಿ ಸುತ್ತಿ, ಮೇಜಿನಡಿ ಬಲಗಡೆ ಒಂದು ಮೊಳೆ ಹೊಡೆದು ನೇತುಹಾಕಿದಳು. ಸಂಜೆ ಕಂಪ್ಯೂಟರನ್ನೂ ಚಾರ್ಜರನ್ನೂ ಬೀರುವಿನಲ್ಲಿಡಬೇಕು ಎಂದು ಯಜಮಾನರ ಅಪ್ಪಣೆ. ಹಾಗಾಗಿ ದಿನಾ ಸಂಜೆ ಬಿಚ್ಚುವುದು, ಬೆಳಿಗ್ಗೆ ಮತ್ತೆ ಸುತ್ತುವುದು. ಸುತ್ತಿ ಮುಗಿದ ಮೇಲೆ ಉಗುರು ಹಾಕಿ ನೋಡುವಳು. ಅಲುಗದು.

ಮೊದಲ ವಾರ ಎಲ್ಲ ಸರಿಯಾಗಿತ್ತು. ಎರಡನೆಯ ವಾರದ ಕೊನೆಗೆ ಅಗ್ನಿಶಾಮಕ ಠಾಣೆಯ ಕೆಲಸ ಬಂತು. ನಡುವೆ ಗಂಟೆ, ಅದರ ಹಿಂದೆ ಒಂಬತ್ತು ಮೆಟ್ಟಿಲಿನ ಏಣಿ, ಕೆಳಗೆ ಅಕ್ಕಿಕಾಳಿನಷ್ಟು ಸಣ್ಣ ಅಕ್ಷರಗಳ ಒಂದು ಸಾಲು. ಮುಂದಿನ ವಾರದ ಶುಕ್ರವಾರ ನಾಲ್ಕು ಗಂಟೆಗೆ ಅವರು ಮಾದರಿ ನೋಡಲು ಬರುವವರಿದ್ದರು.

ಗಂಟೆಯ ಅರ್ಧ ಹೊಲಿಗೆ ಹಾಕಿದ್ದಾಗ ಮೊದಲ ಸಲ ಹಾಗಾಯಿತು. ಹೊಸ ಸ್ಕ್ರೀನು ಕಪ್ಪಾಯಿತು. ಮೌಸಿನ ಬಾಣ ನಿಂತಲ್ಲೇ ನಿಂತಿತು. ಬೀಗದ ಕೈ ಕಾಣಿಸುತ್ತಿಲ್ಲ ಎಂದು ಹೇಳಿ ಪ್ರೋಗ್ರಾಮು ಮುಚ್ಚಿಕೊಂಡಿತು. ಎರಡು ಉಸಿರಾಡುವಷ್ಟರಲ್ಲಿ ಸ್ಕ್ರೀನು ಮತ್ತೆ ಬೆಳಗಿತು, ಆದರೆ ಹೊಲಿಗೆ ಹೋದದ್ದು ಹೋಯಿತು. ಕಂಡಿಕೆಯಕ್ಕ ಮೊದಲಿನಿಂದ ಹಾಕಿದಳು. ಅರ್ಧ ಗಂಟೆಗೆ ಮತ್ತೆ ಹೋಯಿತು.

ಅಂದಿನಿಂದ ಆಕೆ ಒಂದು ರಟ್ಟಿನ ಮೇಲೆ ಗೀಟು ಎಳೆಯತೊಡಗಿದಳು. ಕತ್ತಲಾದಾಗಲೆಲ್ಲ ಒಂದು ಗೀಟು, ಪಕ್ಕದಲ್ಲಿ ಗಡಿಯಾರದ ಹೊತ್ತು. ಸೋಮವಾರ ಆರು, ಮಂಗಳವಾರ ಒಂಬತ್ತು. ಕೆಲಸದಲ್ಲಿ ಮುಳುಗಿದಾಗಲೇ ಹೋಗುವುದು, ಚಹಾ ಕುಡಿಯುತ್ತ ಕೂತರೆ ಏನೂ ಇಲ್ಲ. ಇನ್ನೊಂದನ್ನೂ ಬರೆದಿಟ್ಟಳು: ಎರಡನೆಯ ತೂತಿಗೆ ನೇರ ಹಾಕಿದ್ದ ಹಳೆಯ ಸ್ಕ್ರೀನು ಒಮ್ಮೆಯೂ ಹೋಗಿಲ್ಲ. ಅದೇಕೆ ಎಂದು ಮಾತ್ರ ತಿಳಿಯಲಿಲ್ಲ.

ಬುಧವಾರ ಕನ್ನಡಕದವರು ಬಂದು ಆಕೆಯ ಕುರ್ಚಿಯಲ್ಲಿ ಒಂದು ಗಂಟೆ ಕೂತರು. ಕಂಪ್ಯೂಟರು ಬಾಲ ಮುದುರಿದ ಬೆಕ್ಕಿನ ಹಾಗೆ ಸುಮ್ಮನಿತ್ತು.

“ನಾನು ಕೂತಾಗ ಚೆನ್ನಾಗೇ ಇದೆಯಲ್ಲ ಅಕ್ಕ.”

“ನೆಂಟರ ಮುಂದೆ ಎಲ್ಲರೂ ಚೆನ್ನಾಗೇ ಇರ್ತಾರೆ.”

ಅವರು ಗೋಡೆಯ ಕಡೆಯ ಪ್ಲಗ್ಗು ಅಲುಗಿಸಿದರು, ಹಬ್ಬಿನ ಕಡೆಯದು ಅಲುಗಿಸಿದರು. ಎರಡೂ ಗಟ್ಟಿ. “ನೋಡಿ ಅಕ್ಕ, ಈ ಹಬ್ಬಿಗೆ ಕರೆಂಟು ಒಂದು ರೆಪ್ಪೆ ಹೊಡೆಯೋಷ್ಟು ಹೊತ್ತು ತಪ್ಪಿದ್ರೂ ಸಾಕು, ಅದಕ್ಕೆ ಜೋತುಬಿದ್ದಿರೋದೆಲ್ಲ ಒಂದ್ಸಲ ಬಿದ್ದು ಏಳತ್ತೆ. ಭಾರ ಜಾಸ್ತಿ ಆಗಿರಬೇಕು. ಕಡಿಮೆ ಮಾಡಿ.”

ಕಂಡಿಕೆಯಕ್ಕ ಕಡಿಮೆ ಮಾಡಿದಳು. ಬರೆಯುವ ಹಲಗೆ ಡ್ರಾಯರಿಗೆ ಹೋಗಿ ನಂಬರ್ ಪ್ಯಾಡಿಗೆ ಜೊತೆಯಾಯಿತು. ಆಮೇಲೆ ಮೌಸೂ ಹೋಯಿತು. ಕೀಲಿಮಣೆಯ ಕೆಳಗಿನ ಚೌಕದ ಮೇಲೆ ಬೆರಳು ಉಜ್ಜಿ ಉಜ್ಜಿ ಏಣಿಯ ಒಂದು ಮೆಟ್ಟಿಲು ಹಾಕಿದಳು. ಕತ್ತಲಾಯಿತು.

ಗುರುವಾರ ಸಂಜೆ ಯಜಮಾನರೇ ಮಹಡಿ ಹತ್ತಿ ಬಂದರು. ಕುರ್ಚಿ ಎಳೆದುಕೊಳ್ಳದೆ ನಿಂತೇ ಮಾತಾಡಿದರು. ಅದೇ ಒಳ್ಳೆಯ ಲಕ್ಷಣವಲ್ಲ.

“ಅಕ್ಕ, ಕಂಪ್ಯೂಟರ್ನ ಅವರು ನೋಡಿದ್ರು, ನಾನೂ ಕೂತು ನೋಡ್ದೆ. ನಮಗೆ ಹೋಗಲ್ಲ, ನಿಮಗೆ ಹೋಗತ್ತೆ.”

“ಅದೇ ನನಗೂ ಅರ್ಥ ಆಗ್ತಿಲ್ಲ ಯಜಮಾನ್ರೇ.”

“ಹೊರಗಡೆ ಚಿತ್ರ ಮಾಡಿಕೊಡೋರು ಇದ್ದಾರೆ. ಒಂದೇ ಸ್ಕ್ರೀನಲ್ಲಿ ಮಾಡ್ತಾರಂತೆ. ನಾಳೆ ನಾಲ್ಕಕ್ಕೆ ಠಾಣೆಯೋರು ಬಂದಾಗ ಮಾದರಿ ಇದ್ರೆ ಸರಿ. ಇಲ್ದಿದ್ರೆ ಇನ್ಮೇಲೆ ಚಿತ್ರದ ಕೆಲಸ ಹೊರಗೇ ಕೊಡ್ತೀನಿ. ನೀವು ಕೆಳಗೆ ದಾರ ಕತ್ತರಿಸೋ ಮೇಜಿಗೆ ಬನ್ನಿ. ಸಂಬಳ ಅಷ್ಟೇ ಇರತ್ತೆ, ಅದರ ಯೋಚನೆ ಬೇಡ.”

ಸಂಬಳ ಅಷ್ಟೇ ಎಂದದ್ದೇ ಆಕೆಗೆ ಹೆಚ್ಚು ಚುಚ್ಚಿತು. ಮೂವತ್ತೆಂಟು ವರ್ಷ ಒಂದೊಂದೇ ಮೆಟ್ಟಿಲು ಹತ್ತಿದವಳನ್ನು ಏಣಿ ಸಮೇತ ಇಳಿಸಿದ ಹಾಗಾಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ಗಂಡ ಎರಡು ಸಲ ಮುಖ ನೋಡಿದ.

“ಏನಾಯ್ತೇ? ಗಾಳಿ ಇಳಿದಂಗಿದೀಯಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಥೆ ಹಾಗಾಗಿದೆ.”

“ನೆಲ ನಿಜವಾಗ್ಲೂ ಡೊಂಕಿರಬಹುದು, ನೋಡಿದ್ಯಾ?” ಎಂದ ಅವನು. ತಮಾಷೆಗೆ ಹೇಳಿದನೋ ಸಮಾಧಾನಕ್ಕೆ ಹೇಳಿದನೋ, ಅವನಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಅವನ ಡಬ್ಬಿಗೆ ಮೂರು ಗಂಟಿನ ಮೇಲೆ ನಾಲ್ಕನೆಯದೂ ಬಿತ್ತು.

ಶುಕ್ರವಾರ ಆಕೆ ಎಂಟೂವರೆಗೇ ಬಂದು ಕೂತಳು. ಗಂಟೆಯ ಚಿತ್ರ ಹೇಗೋ ಮುಗಿದಿತ್ತು, ಏಣಿ ಬಾಕಿ. ಒಂದು ಮೆಟ್ಟಿಲು ಹಾಕುವುದು, ಉಳಿಸಿಡುವುದು. ಇನ್ನೊಂದು ಹಾಕುವುದು, ಉಳಿಸಿಡುವುದು. ಹೀಗೆ ಮಾಡಿದರೆ ಕತ್ತಲಾದರೂ ಒಂದು ಮೆಟ್ಟಿಲಿಗಿಂತ ಹೆಚ್ಚು ಹೋಗದು. ಆದರೆ ಅಕ್ಷರಗಳ ಸಾಲು ಹಾಗಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹಾಕಬೇಕು, ನಡುವೆ ನಿಂತರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಹನ್ನೊಂದರ ಹೊತ್ತಿಗೆ ಏಳು ಮೆಟ್ಟಿಲಾಗಿತ್ತು, ರಟ್ಟಿನ ಮೇಲೆ ಐದು ಗೀಟೂ ಆಗಿತ್ತು.

ನಾದಿನಿ ಮೆಟ್ಟಿಲು ದಡದಡ ಹತ್ತಿ ಬಂದಳು. “ಅತ್ತಿಗೆ, ನನ್ನ ಮಷೀನು ಬೆಳಿಗ್ಗೆಯಿಂದ ಕೈಕಟ್ಟಿ ಕೂತಿದೆ. ಯಾವಾಗ ಕೊಡ್ತೀರಿ?”

“ಕೊಡೋದಾಗಿದ್ರೆ ಇಟ್ಕೊಂಡು ಪೂಜೆ ಮಾಡ್ತಿದ್ನಾ?”

“ನನ್ನ ಮೇಲೆ ಯಾಕೆ ಹಾರ್ತೀರಿ. ಕೆಳಗೂ ಇದೇ ಗೋಳು. ಹೊಸದಾಗಿ ಬಂದಿದ್ದಾಳಲ್ಲ, ಅವಳ ಮಷೀನಲ್ಲಿ ದಾರ ತುಂಡಾಗ್ತಿದೆ, ಸೂಜಿ ಬೈತಾ ಕೂತಿದ್ಲು. ಮೂರು ಸೂಜಿ ಬದಲಾಯಿಸಿದ್ಳಂತೆ. ನಿಮ್ಮ ಮಾತನ್ನೇ ಹೇಳಿ ಬಂದೆ.”

“ನನ್ನ ಯಾವ ಮಾತು?”

“ಅದೇ, ಹಗಲೂ ಇರುಳೂ ಹೇಳ್ತಿದ್ರಲ್ಲ ನಮಗೆ. ದಾರ ತುಂಡಾದ್ರೆ ಸೂಜಿ ಬೈಬೇಡಿ. ಕೋನಿಂದ ಹಿಡ್ಕೊಂಡು ದಾರ ಬಂದ ದಾರೀಲೇ ಬೆರಳಾಡಿಸ್ಕೊಂಡು ಬನ್ನಿ, ಎಲ್ಲೋ ಒಂದ್ಕಡೆ ಸಿಗತ್ತೆ ಅಂತ.”

ಕಂಡಿಕೆಯಕ್ಕನ ಹುಬ್ಬು ಮೊದಲೇ ಮೇಲಿತ್ತು, ಈಗ ಇನ್ನೂ ಸ್ವಲ್ಪ ಏರಿತು. ಕರೆಂಟು ರೆಪ್ಪೆ ಹೊಡೆಯುವಷ್ಟು ಹೊತ್ತು ತಪ್ಪಿದರೂ ಹಬ್ಬಿಗೆ ಜೋತುಬಿದ್ದದ್ದೆಲ್ಲ ಬೀಳುತ್ತದೆ ಎಂದಿದ್ದರು ಕನ್ನಡಕದವರು. ಹಳೆಯ ಸ್ಕ್ರೀನು ಹಬ್ಬಿಗೆ ಜೋತುಬಿದ್ದಿಲ್ಲ, ಅದು ಬೀಳುವುದೂ ಇಲ್ಲ. ಸೂಜಿಯನ್ನು ವಾರವಿಡೀ ಬೈದದ್ದಾಯಿತು. ದಾರ ಬಂದ ದಾರಿಯನ್ನು ಯಾರೂ ನೋಡಿರಲಿಲ್ಲ.

“ನೀನು ಈ ಕುರ್ಚೀಲಿ ಕೂತ್ಕೊ. ಸ್ಕ್ರೀನಿಂದ ಕಣ್ಣು ತೆಗೀಬೇಡ. ಕಪ್ಪಾದ್ರೆ ಹೇಳು.”

ಆಕೆ ಮೊಣಕಾಲೂರಿ ಮೇಜಿನಡಿ ಹೋದಳು. ಗೋಡೆಯ ಪ್ಲಗ್ಗಿನ ಹತ್ತಿರ ಹಳದಿ ದಾರ ಕಟ್ಟಿದ ವೈರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ಅಂಗುಲ ಅಂಗುಲವಾಗಿ ಬೆರಳು ಸರಿಸುತ್ತ ಬಂದಳು. ಒಳಗೆ ತಾಮ್ರದ ಎಳೆಗಳು ಗಟ್ಟಿಯಾಗಿ ಕೈಗೆ ಸಿಗುತ್ತಿದ್ದವು. ಕೋನಿನವರೆಗೂ ಸರಿ. ಕೋನಿನ ಬಾಯಲ್ಲಿ, ವೈರು ಮೊದಲ ಸುತ್ತಿಗೆ ಮಡಿಸಿಕೊಳ್ಳುವ ಕಡೆ, ಬೆರಳು ನಿಂತಿತು. ಅಲ್ಲೊಂದು ಅಂಗುಲ ಮೆತ್ತಗಿತ್ತು, ಎಲುಬಿಲ್ಲದ ಬೆರಳಿನ ಹಾಗೆ. ಮೆಲ್ಲಗೆ ಬಗ್ಗಿಸಿದಳು.

“ಹೋಯ್ತು” ಎಂದಳು ಮೇಲಿನಿಂದ ನಾದಿನಿ.

ನೆಟ್ಟಗೆ ಮಾಡಿದಳು.

“ಬಂತು.”

ಬಗ್ಗಿಸಿದಳು.

“ಹೋಯ್ತು. ಏನು ಮಾಡ್ತಿದೀರಿ ಅತ್ತಿಗೆ ಕೆಳಗೆ?”

ಕಂಡಿಕೆಯಕ್ಕ ಕೋನಿನ ಅಂಚನ್ನು ನೋಡುತ್ತಿದ್ದಳು. ರಟ್ಟು ಒಂದು ಕಡೆ ಒಳಕ್ಕೆ ತಗ್ಗಿ, ಅಲ್ಲಿ ಚಪ್ಪಲಿಯ ಕಪ್ಪು ಮೆತ್ತಿಕೊಂಡಿತ್ತು. ಬಲಗಾಲಿನ ಚಪ್ಪಲಿ. ಕೋನು ನೇತಾಡುತ್ತಿದ್ದದ್ದು ಪಾದ ಮೇಲೆ ಕೆಳಗೆ ಆಡುವ ಜಾಗದಲ್ಲೇ. ದಿನಾ ಬಿಗಿದು ಸುತ್ತಿ ಸುತ್ತಿ ಒಳಗಿನ ಎಳೆ ಸವೆಸಿದವಳು ತಾನು, ಕೆಲಸದಲ್ಲಿ ಮುಳುಗಿದಾಗಲೆಲ್ಲ ಅದನ್ನು ಒದ್ದು ಅಲುಗಿಸಿದವಳೂ ತಾನೇ. ಕನ್ನಡಕದವರಿಗೂ ಯಜಮಾನರಿಗೂ ತುಳಿಯುವ ಕಾಲಿಲ್ಲ, ಅದಕ್ಕೇ ಅವರಿಗೆ ಕತ್ತಲಾಗಲಿಲ್ಲ.

ನಾದಿನಿಯೂ ಬಗ್ಗಿ ನೋಡಿದಳು. ಕೋನು ನೋಡಿದಳು, ಚಪ್ಪಲಿ ನೋಡಿದಳು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು, ಆಗಲಿಲ್ಲ.

“ಅಂತೂ ಇಷ್ಟು ವರ್ಷ ನಡೆದು ನಡೆದು ಒಂದ್ಕಡೆ ತಲುಪಿದ್ರಿ ಅತ್ತಿಗೆ.”

“ನಗು, ನಗು. ಮುಗೀಲಿ.”

“ಮುಗೀತು. ಈಗ ಕೇಳಿ. ಯಜಮಾನರಿಗೆ ಇದೆಲ್ಲ ಹೇಳೋಕೆ ಹೋಗಬೇಡಿ. ವೈರು ಹಾಳಾಗಿತ್ತು ಅಂದ್ರಾಯ್ತು. ಅಂಗಡೀದೇ ಹಾಗಿತ್ತು ಅಂದ್ಕೋತಾರೆ. ಕುರ್ಚಿ ಉಳಿಯತ್ತೆ.”

ಕಂಡಿಕೆಯಕ್ಕ ನೆಲದ ಮೇಲೆ ಕೂತೇ ಕೋನಿನಿಂದ ವೈರನ್ನು ಬಿಚ್ಚಿದಳು. ಬಿಚ್ಚಿದ ಮೇಲೂ ಅದು ಸುರುಳಿ ಸುರುಳಿಯಾಗಿಯೇ ನಿಂತಿತು. ನೆಟ್ಟಗಾಗುವುದೇ ಅದಕ್ಕೆ ಮರೆತುಹೋಗಿತ್ತು. “ಸುಳ್ಳು ಹೇಳಿ ಉಳಿಸ್ಕೊಂಡ ಕುರ್ಚೀಲಿ ಕೂತು ಒಂಬತ್ತು ಮೆಟ್ಟಿಲು ಎಣಿಸೋಕಾಗತ್ತೇನೇ” ಎಂದಳು. “ಏಳು, ದಾರಿ ಬಿಡು.”

ಯಜಮಾನರು ಕೆಳಗೆ ತಮ್ಮ ಮೇಜಿನಲ್ಲಿ ಕಾಗದ ನೋಡುತ್ತಿದ್ದರು. ಆಕೆ ವೈರನ್ನೂ ಕೋನನ್ನೂ ಅವರ ಮುಂದಿಟ್ಟು, ಸುತ್ತಿದ್ದನ್ನೂ ತುಳಿದದ್ದನ್ನೂ ಒಂದನ್ನೂ ಬಿಡದೆ ಹೇಳಿದಳು. ರಟ್ಟಿನ ಗೀಟುಗಳನ್ನೂ ತೋರಿಸಿದಳು. ಯಜಮಾನರು ಕೋನನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಚಪ್ಪಲಿಯ ಗುರುತಿನ ಮೇಲೆ ಹೆಬ್ಬೆರಳು ಉಜ್ಜಿದರು. ಚಿಕ್ಕಂದಿನಲ್ಲಿ ಆಕೆಯ ತುಳಿಯುವ ಮಷೀನಿನಡಿ ಆಡುವಾಗ ಆ ಪಾದದಿಂದ ಅವರೂ ತಲೆಗೆ ಎರಡು ಸಲ ತಿಂದದ್ದುಂಟು.

“ಹಾಗಾದ್ರೆ ಕಂಪ್ಯೂಟರೂ ಸರಿ ಇದೆ, ಹಬ್ಬೂ ಸರಿ ಇದೆ” ಎಂದರು.

“ಹೌದು. ನನ್ನ ಕೈಯೂ ಕಾಲೂ ಸರಿ ಇರ್ಲಿಲ್ಲ.”

“ನೀವೇ ಕಂಡುಹಿಡಿದ್ರಾ?”

“ಹಾಳು ಮಾಡಿದ್ದು ನಾನಲ್ವಾ, ಇನ್ಯಾರು ಕಂಡುಹಿಡೀಬೇಕು.”

ಯಜಮಾನರು ಡ್ರಾಯರು ಎಳೆದರು. ತಮ್ಮ ಸ್ವಂತ ಕಂಪ್ಯೂಟರಿನ ಚಾರ್ಜರು, ಅದೇ ಜಾತಿಯದು, ತೆಗೆದು ಆಕೆಯ ಕೈಗಿಟ್ಟರು. ಬಿಡುವ ಮುನ್ನ ಒಂದು ಕ್ಷಣ ಹಿಡಿದುಕೊಂಡರು.

“ಅಕ್ಕ, ಇದನ್ನ ಸುತ್ತಬೇಡಿ.”

ಹನ್ನೆರಡು ಗಂಟೆಗೆ ಮೌಸೂ ಬರೆಯುವ ಹಲಗೆಯೂ ಡ್ರಾಯರಿನಿಂದ ಎದ್ದು ಬಂದವು. ಚಾರ್ಜರಿನ ವೈರು ನೆಲದ ಮೇಲೆ ಹಾವಿನ ಹಾಗೆ ಮಲಗಿತ್ತು. ಕಂಡಿಕೆಯಕ್ಕ ಅದನ್ನು ನೋಡದಿರಲು ಮುಖ ಎತ್ತಿ ಕೂತಳು. ಬಲಗಾಲನ್ನು ಕುರ್ಚಿಯ ಕಾಲಿಗೆ ಒಂದು ಬಟ್ಟೆಯ ಪಟ್ಟಿಯಿಂದ ಕಟ್ಟಿಕೊಂಡಿದ್ದಳು. ಅದಕ್ಕೆ ಎಷ್ಟು ಗಂಟು ಎಂದು ಕೇಳಬೇಕಿಲ್ಲ. ಎಂಟನೆಯ ಮೆಟ್ಟಿಲು, ಒಂಬತ್ತನೆಯದು, ಆಮೇಲೆ ಅಕ್ಷರಗಳ ಸಾಲು ಒಂದೇ ಓಟದಲ್ಲಿ. ಮೂರು ಸ್ಕ್ರೀನೂ ಕಣ್ಣು ಮಿಟುಕಿಸಲಿಲ್ಲ. ಎರಡೂಕಾಲಿಗೆ ಪೆನ್ ಡ್ರೈವು ಕೆಳಗಿಳಿಯಿತು. ನಾದಿನಿಯ ಮಷೀನು ನಲವತ್ತು ನಿಮಿಷ ಟಕಟಕ ಎಂದಿತು.

ನಾಲ್ಕಕ್ಕೆ ಠಾಣೆಯಿಂದ ಬಂದ ಅಧಿಕಾರಿ ಎತ್ತರದ ಆಳು. ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದಪ್ಪ ಬೆರಳಿನಿಂದ ಏಣಿಯ ಮೆಟ್ಟಿಲು ಒಂದೊಂದೇ ಎಣಿಸಿದರು. ಒಂಬತ್ತು.

“ಸರಿಯಾಗಿದೆ” ಎಂದರು. “ಠಾಣೇಲಿರೋ ಏಣೀಲಿ ಒಂದು ಮುರಿದಿದೆ. ಇದ್ರಲ್ಲಿ ಎಲ್ಲಾ ಇದೆ.”

ಅವರು ಹೋದ ಮೇಲೆ ಯಜಮಾನರು, “ಸೋಮವಾರಕ್ಕೆ ಇನ್ನೊಂದು ಚಿತ್ರ ಬಂದಿದೆ ಅಕ್ಕ, ಮೇಲೆ ಕಳಿಸ್ತೀನಿ” ಎಂದರು. ಅಷ್ಟೇ. ದಾರ ಕತ್ತರಿಸುವ ಮೇಜಿನ ಮಾತು ಅವರೂ ತೆಗೆಯಲಿಲ್ಲ, ಆಕೆಯೂ ನೆನಪಿಸಲಿಲ್ಲ. ಮಹಡಿಗೆ ಹೋಗಿ, ಮೇಜಿನಡಿಯ ಮೊಳೆ ಕಿತ್ತು, ವೈರುಗಳನ್ನೆಲ್ಲ ಅಗಲ ಬಳೆಯ ಹಾಗೆ ಸಡಿಲ ಸುರುಳಿ ಮಾಡಿ ಗೋಡೆಯ ಮೇಲೆ ತೂಗುಹಾಕಿದಳು. ಬಣ್ಣದ ದಾರಗಳು ಮಾತ್ರ ಹಾಗೇ ಇದ್ದವು.

ಮನೆಗೆ ಬಂದ ಮೇಲೆ ನಾದಿನಿ ಅಣ್ಣನಿಗೆ ಕಥೆಯನ್ನು ಎರಡು ಸಲ ಹೇಳಿದಳು, ಎರಡನೆಯ ಸಲ ತಾನೇ ಮೇಜಿನಡಿ ಹೋಗಿ ಮಾಡಿ ತೋರಿಸಿದಳು. ಅವನು ಟೈರಿನವನು. “ಗಾಳಿ ಕಡಿಮೆಯಾದ್ರೆ ಕೂತ್ಕೊಳ್ಳತ್ತೆ, ಜಾಸ್ತಿಯಾದ್ರೆ ಒಡೆಯತ್ತೆ. ಇದನ್ನ ಮೂವತ್ತು ವರ್ಷದಿಂದ ಹೇಳ್ತಿದೀನಿ, ಈ ಮನೇಲಿ ಕೇಳೋರಿಲ್ಲ” ಎಂದು ತನ್ನ ಹಲ್ಲು ಮುಟ್ಟಿ ನೋಡಿಕೊಂಡ.

ಕಂಡಿಕೆಯಕ್ಕ ಕೇಳಿಸದವಳಂತೆ ಪಾತ್ರೆ ತೊಳೆಯುತ್ತಿದ್ದಳು. ಆದರೆ ಶನಿವಾರ ಬೆಳಿಗ್ಗೆ ಡಬ್ಬಿಯ ಬಟ್ಟೆಗೆ ಒಂದೇ ಒಂದು ಗಂಟು ಹಾಕಿ, ಅದನ್ನೂ ಸಡಿಲವಾಗಿ ಬಿಟ್ಟಳು. ಎಷ್ಟು ಕಷ್ಟಪಟ್ಟು ಬಿಟ್ಟಳೆಂಬುದು ಆಕೆಯ ಬೆರಳಿಗೇ ಗೊತ್ತು.

ಸಂಜೆ ಗಂಡ ಬಂದು ಚೀಲವನ್ನು ಮೇಜಿನ ಮೇಲಿಡದೆ ಬಚ್ಚಲ ಕಡೆಗೆ ಒಯ್ದ. ಡಬ್ಬಿಯ ಮುಚ್ಚಳ ಕಳಚಿ ಅದರಿಂದ ಸಾರು ತೊಟ್ಟಿಕ್ಕುತ್ತಿತ್ತು.

“ಇವತ್ತು ಹಲ್ಲಿಗೆ ರಜೆ ಸಿಕ್ತು ಅಂತ ಖುಷಿಪಟ್ಟೆ ಕಣೇ” ಎಂದ. “ಚೀಲ ತೆರೆದು ನೋಡಿದ್ರೆ ಹೊಟ್ಟೆಗೂ ರಜೆ ಕೊಟ್ಟಿದೀಯ.”

ಆಕೆ ಬಟ್ಟೆಯನ್ನು ಒಗೆದು ಒಣಗಿಸಿ ಮಡಿಸಿಟ್ಟಳು. ಸೋಮವಾರ ಬೆಳಿಗ್ಗೆ ಅದೇ ಬಟ್ಟೆಯಲ್ಲಿ ಡಬ್ಬಿ ಕಟ್ಟಿ, ಒಂದು ಗಂಟು ಹಾಕಿದಳು, ಸ್ವಲ್ಪ ಯೋಚಿಸಿ ಎರಡನೆಯದು ಹಾಕಿದಳು. ಮೂರನೆಯದಕ್ಕೆ ಕೈ ಹೋಗಿತ್ತು. ನಾದಿನಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಓರೆಗಣ್ಣಿನಿಂದ ನೋಡುತ್ತಿದ್ದಳು. ಕಂಡಿಕೆಯಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.